ಅನ್ನದ ಋಣ, ಗದ್ದೆಯ ಬೆಲೆ

ಕೈಗಾರಿಕೆಗೆಂದು ಭತ್ತದ ಗದ್ದೆಯನ್ನು ಸ್ವಾಧೀನಪಡಿಸಿಕೊಂಡು ಅದರ ಒಡೆಯನಿಗೆ ಕಾನೂನು ಹೇಳಿದಷ್ಟು ಹಣವನ್ನು ಸಲ್ಲಿಸಿದ ಮೇಲೆ ಆ ಗದ್ದೆಯ ಲೆಕ್ಕದಲ್ಲಿ ಯಾರಿಗೂ ಯಾವ ಬಾಕಿಯೂ ಉಳಿಯುವುದಿಲ್ಲವೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಕಾನೂನಿಗೋ ಅರ್ಥಶಾಸ್ತ್ರಕ್ಕೋ ಬಿಟ್ಟುಕೊಡಲಾಗುತ್ತದೆ. ಆದರೆ ಭೂಮಿ ಯಾರದು, ಅದನ್ನು ಕೊಡುವ ಅಧಿಕಾರ ಯಾರಿಗಿದೆ, ಅನ್ನ ಬೆಳೆಯುವವನಿಗೆ ಉಣ್ಣುವವನು ಏನನ್ನು ಸಲ್ಲಿಸಬೇಕು ಎಂಬ ಒಳಪ್ರಶ್ನೆಗಳು ಧರ್ಮಕ್ಕೆ ಸೇರಿದವು. ಧರ್ಮವೆಂಬುದನ್ನು ಇಲ್ಲಿ ಮತಾಚರಣೆಯ ಅರ್ಥದಲ್ಲಿ ಮಾತ್ರವಲ್ಲದೆ, ಒಬ್ಬರು ಇನ್ನೊಬ್ಬರಿಗೆ ಸಲ್ಲಿಸಲೇಬೇಕಾದುದರ ವಿಚಾರ ಎಂಬ ಅರ್ಥದಲ್ಲಿಯೂ ಗ್ರಹಿಸಬೇಕು. ಈ ವಿಚಾರವನ್ನು ಒಂದು ನಿಶ್ಚಿತ ನೆಲದ ಮೇಲೆ ನಿಲ್ಲಿಸಿ ನೋಡುವುದು ಲೇಸು, ಮತ್ತು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ತುಳುನಾಡು ಅದಕ್ಕೆ ತಕ್ಕ ಸ್ಥಳ. ಅರ್ಧ ಶತಮಾನದೊಳಗೆ ಅಲ್ಲಿ ಗೇಣಿದಾರನು ಒಡೆಯನಾದನು. ಅವನ ಗದ್ದೆಯ ಪಕ್ಕದಲ್ಲಿ ಬಂದರು, ಗೊಬ್ಬರದ ಕಾರ್ಖಾನೆ, ತೈಲ ಶುದ್ಧೀಕರಣಾಗಾರ, ಉಷ್ಣವಿದ್ಯುತ್ ಸ್ಥಾವರಗಳು ಎದ್ದವು. ಇಷ್ಟರ ನಡುವೆಯೂ ಗದ್ದೆಗೆ ಸಂಬಂಧಿಸಿದ ಹಬ್ಬ, ಕಟ್ಟಲೆ, ದೈವಾರಾಧನೆಗಳು ಇಂದಿಗೂ ನಡೆದುಬಂದಿವೆ.

ತುಳುನಾಡಿನ ರೈತರು ಗದ್ದೆಗಳನ್ನು ನೀರಿನ ಲೆಕ್ಕದಿಂದ ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ಗುರುತಿಸುತ್ತಾರೆ. ಗುಡ್ಡಗಳ ನಡುವಣ ತಗ್ಗಿನಲ್ಲಿದ್ದು ವರ್ಷದ ಬಹುಭಾಗ ತೇವವನ್ನು ಉಳಿಸಿಕೊಳ್ಳುವುದು ಬೈಲು. ಅದಕ್ಕಿಂತ ತುಸು ಮೇಲಿದ್ದು ಎರಡು ಬೆಳೆಗೆ ಒದಗುವುದು ಮಜಲು. ಮಳೆಯನ್ನೇ ನಂಬಿ ಒಂದು ಬೆಳೆ ಕೊಡುವುದು ಬೆಟ್ಟು. ಮಳೆಗಾಲದ ಏಣೆಲು, ಅದರ ಬೆನ್ನಿಗೆ ಬರುವ ಸುಗ್ಗಿ, ಬೇಸಗೆಯ ಕೊಳಕೆ ಎಂಬ ಮೂರೂ ಬೆಳೆಗಳನ್ನು ಒಳ್ಳೆಯ ಬೈಲಿನಲ್ಲಿ ತೆಗೆಯುತ್ತಿದ್ದ ಕಾಲವಿತ್ತು. ಮಳೆ ನಿಂತ ಮೇಲೆ ಊರಿನವರು ಸೇರಿ ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣುಗಳ ‘ಕಟ್ಟ’ವನ್ನು ವರ್ಷವರ್ಷವೂ ಹೊಸದಾಗಿ ಕಟ್ಟಿ ಈ ಹಿಂಬೆಳೆಗಳಿಗೆ ನೀರು ಹಾಯಿಸುತ್ತಿದ್ದರು. ಮೇಲಿನ ಗದ್ದೆಯ ನೀರು ಬದುವಿನ ಕಂಡಿಯಿಂದ ಕೆಳಗಿನ ಗದ್ದೆಗೆ ಇಳಿದು, ಅಲ್ಲಿಂದ ಮುಂದಿನದಕ್ಕೆ ಸಾಗಿ ತೋಡನ್ನು ಸೇರುವುದರಿಂದ, ನಡುವಿನ ಒಂದು ಗದ್ದೆಗೆ ಮಣ್ಣು ಸುರಿದು ಎತ್ತರಿಸಿದೊಡನೆ ಮೇಲಿನದು ನೀರು ನಿಂತು ಕೊಳೆಯುತ್ತದೆ, ಕೆಳಗಿನದು ಒಣಗುತ್ತದೆ, ಕಾಲಕ್ರಮದಲ್ಲಿ ಸುತ್ತಲಿನ ಮನೆಬಾವಿಗಳ ಒಸರೂ ಕುಗ್ಗುತ್ತದೆ. ಕಂದಾಯದ ದಾಖಲೆ ಮಾತ್ರ ಬೈಲನ್ನು ಸರ್ವೆ ನಂಬರು, ಎಕರೆ, ಸೆಂಟ್ಸುಗಳಾಗಿ ಒಡೆದು ನೋಡುತ್ತದೆ. ಸ್ವಾಧೀನವೂ ಪರಿಹಾರವೂ ನಡೆಯುವುದು ಆ ಒಡೆದ ಲೆಕ್ಕದಲ್ಲೇ. ನೀರಿನ ದೃಷ್ಟಿಯಿಂದ ಒಂದೇ ಆಗಿರುವುದನ್ನು ಹಣದ ದೃಷ್ಟಿಯಿಂದ ಹಲವಾಗಿ ಕಾಣುವ ಈ ಕ್ರಮದಲ್ಲೇ ಅನ್ಯಾಯದ ಮೊದಲ ಬೀಜವಿದೆ, ಏಕೆಂದರೆ ತನ್ನ ಗದ್ದೆಯನ್ನು ಕೊಡದೆ ಉಳಿಸಿಕೊಂಡವನು ಪರಿಹಾರದ ಪಟ್ಟಿಯಲ್ಲೂ ಇರುವುದಿಲ್ಲ, ಬೆಳೆ ತೆಗೆಯುವ ಸ್ಥಿತಿಯಲ್ಲೂ ಇರುವುದಿಲ್ಲ.

ಬೈಲಿನ ಈ ಒಂದುತನವನ್ನು ತುಳುನಾಡಿನ ಆಚರಣೆಗಳು ದಾಖಲೆಗಳಿಗಿಂತ ಚೆನ್ನಾಗಿ ಬಲ್ಲವು. ಫೆಬ್ರವರಿಯ ಸುಮಾರಿಗೆ ಬರುವ ಕೆಡ್ಡಸದ ದಿನಗಳಲ್ಲಿ ಭೂಮಿತಾಯಿ ಮುಟ್ಟಾಗುತ್ತಾಳೆಂಬ ನಂಬಿಕೆಯಿದ್ದು, ಆಗ ಯಾರೂ ನೆಲವನ್ನು ಉಳುವಂತಿಲ್ಲ, ಅಗೆಯುವಂತಿಲ್ಲ. ಕೊನೆಗೆ ಮನೆಯ ಹೆಂಗಸರು ನೆಲಕ್ಕೆ ಎಣ್ಣೆ, ಅರಸಿನ, ಕುಂಕುಮಗಳನ್ನು ಅರ್ಪಿಸಿದ ಮೇಲೆಯೇ ಕೆಲಸ ಮತ್ತೆ ಮೊದಲಾಗುತ್ತದೆ. ಒಡಿಶಾದ ಭತ್ತದ ಸೀಮೆಯಲ್ಲಿ ಜೂನ್ ತಿಂಗಳ ರಜ ಪರ್ವ ಇದೇ ನಂಬಿಕೆಯ ಮೇಲೆ ನಿಂತಿದೆ. ಏಣೆಲು ಬೆಳೆ ತೆನೆಗಟ್ಟಿದಾಗ ಮೊದಲ ತೆನೆಗಳನ್ನು ಮನೆ ತುಂಬಿಸಿ, ಕಂಬಕ್ಕೂ ಬಾಗಿಲಿಗೂ ಕಟ್ಟಿ, ಆಮೇಲೆ ಹೊಸಅಕ್ಕಿ ಊಟ ಮಾಡುವ ಪದ್ಧತಿ ಜಾತಿ ಮತಗಳ ಗೆರೆಯನ್ನು ದಾಟಿ ಹರಡಿದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನಂದು ಕರಾವಳಿಯ ಕಥೋಲಿಕ ಕುಟುಂಬಗಳು ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು ಹೊಸತಿನ ಊಟ ಮಾಡುತ್ತವೆ. ಉಡುಪಿಯ ಅಷ್ಟಮಠಗಳಲ್ಲಿ ಎರಡು ವರ್ಷಕ್ಕೊಮ್ಮೆ ಕೃಷ್ಣಪೂಜೆಯ ಹೊಣೆ ಕೈ ಬದಲಾಗುವ ಪರ್ಯಾಯಕ್ಕೆ ಮುಂಚೆ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂಬ ನಾಲ್ಕು ಮುಹೂರ್ತಗಳು ನಡೆಯುತ್ತವೆ. ಅಂದರೆ ಪೀಠವೇರುವ ಯತಿಯ ಮೊದಲ ಕರ್ತವ್ಯ ಬರುವವರ ಅನ್ನಕ್ಕೆ ಅಣಿಮಾಡುವುದು. ಇವುಗಳನ್ನೆಲ್ಲ ಪ್ರಕೃತಿಪೂಜೆ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಟ್ಟರೆ ಅವುಗಳ ತಾತ್ತ್ವಿಕ ಸಾರ ಕೈತಪ್ಪುತ್ತದೆ. ಗದ್ದೆ ಯಾರ ಹೆಸರಿನಲ್ಲಿದ್ದರೂ ವರ್ಷದ ಕೆಲವು ದಿನ ಅದನ್ನು ಮುಟ್ಟುವ ಹಕ್ಕು ಅವನಿಗಿಲ್ಲ. ಮೊದಲ ತೆನೆಯನ್ನು ಒಪ್ಪಿಸದೆ ಉಣ್ಣುವ ಹಕ್ಕೂ ಅವನಿಗಿಲ್ಲ. ಒಡೆತನವೆಂಬುದು ಮಿತಿಯುಳ್ಳದ್ದು, ಸಲ್ಲಿಕೆಯ ಹೊರೆ ಹೊತ್ತದ್ದು ಎಂಬ ತೀರ್ಮಾನ ಈ ಆಚರಣೆಗಳ ಒಳಗಿದೆ.

ಇದೇ ತೀರ್ಮಾನಕ್ಕೆ ಶಾಸ್ತ್ರವು ಬೇರೊಂದು ದಾರಿಯಿಂದ ಬಂದಿದೆ. ವೈದಿಕ ಕರ್ಮಗಳ ಅರ್ಥವನ್ನು ತರ್ಕದಿಂದ ನಿರ್ಣಯಿಸುವ ಪೂರ್ವಮೀಮಾಂಸೆ ಎಂಬ ದರ್ಶನದಲ್ಲಿ, ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯವು ವಿಶ್ವಜಿತ್ ಎಂಬ ಯಾಗವನ್ನು ಚರ್ಚಿಸುತ್ತದೆ. ಆ ಯಾಗ ಮಾಡುವವನು ತನ್ನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕೆಂಬ ವಿಧಿಯಿರುವುದರಿಂದ, ಯಾಗ ಮಾಡುವವನು ಚಕ್ರವರ್ತಿಯಾದರೆ ಭೂಮಿಯನ್ನೂ ಕೊಟ್ಟುಬಿಡಬೇಕೇ ಎಂಬ ಸಂದೇಹ ಏಳುತ್ತದೆ. ಕೊಡುವಂತಿಲ್ಲವೆಂಬುದು ಜೈಮಿನಿಯ ಉತ್ತರ. ಭೂಮಿಯ ಮಟ್ಟಿಗೆ ಎಲ್ಲರೂ ಸಮಾನರಾದುದರಿಂದ ಅದು ಯಾರೊಬ್ಬನ ಕೊಡುಗೆಯ ವಸ್ತುವಾಗಲಾರದು. ಭಾಷ್ಯಕಾರನಾದ ಶಬರನು ಇದನ್ನು ವಿಸ್ತರಿಸಿ, ರಕ್ಷಣೆಯ ಹೊಣೆಗೆ ಪ್ರತಿಯಾಗಿ ಬೆಳೆಯ ಪಾಲನ್ನು ಪಡೆಯುವ ಅಧಿಕಾರ ಅರಸನಿಗಿದ್ದರೂ ಉಳಿದವರಿಗಿಲ್ಲದ ವಿಶೇಷ ಸ್ವಾಮ್ಯ ನೆಲದ ಮೇಲೆ ಅವನಿಗಿಲ್ಲವೆಂದು ವಿವರಿಸುತ್ತಾನೆ. 14ನೆಯ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದ ಮಾಧವಾಚಾರ್ಯರು ‘ಜೈಮಿನೀಯ ನ್ಯಾಯಮಾಲಾ’ದಲ್ಲಿ ಈ ಚರ್ಚಾವಿಷಯವನ್ನು ಮತ್ತೆ ಎತ್ತಿಕೊಂಡು, ಒಬ್ಬನದೇ ಆದ ನೆಲದ ತುಂಡನ್ನು ದಾನ ಮಾಡಬಹುದಾದರೂ, ತಮ್ಮ ಕರ್ಮಫಲವನ್ನು ಉಣ್ಣುವ ಎಲ್ಲ ಪ್ರಾಣಿಗಳಿಗೂ ಸಾಧಾರಣವಾದ ಮಹಾಭೂಮಿಯನ್ನು ಅರಸನೂ ದಾನ ಮಾಡಲಾರನೆಂದು ನಿರ್ಣಯಿಸುತ್ತಾರೆ; ಒಂದು ಸಾಮ್ರಾಜ್ಯದ ಆಸರೆಯಲ್ಲಿದ್ದುಕೊಂಡೇ ಸಾಮ್ರಾಟನ ಭೂಸ್ವಾಮ್ಯಕ್ಕೆ ಗೆರೆ ಎಳೆದ ಈ ಧೈರ್ಯ ಗಮನಕ್ಕೆ ಬರಬೇಕಾದಷ್ಟು ಬಂದಿಲ್ಲ. ಮನುಸ್ಮೃತಿಯು ಅರಸನನ್ನು ಭೂಮಿಯ ಅಧಿಪತಿಯೆಂದು ಕರೆಯುವುದರಿಂದ, ಪರಂಪರೆಯ ದನಿ ಒಂದೇ ಆಗಿತ್ತೆಂದು ಹೇಳುವಂತಿಲ್ಲ. ಅರಸರು ಅಗ್ರಹಾರಗಳನ್ನು ಧಾರಾಳವಾಗಿ ದತ್ತಿ ಕೊಟ್ಟದ್ದೂ ಇತಿಹಾಸವೇ. ಆದರೂ ಪ್ರಭುತ್ವವು ಭೂಮಿಯ ರಕ್ಷಕನೇ ಹೊರತು ಒಡೆಯನಲ್ಲವೆಂಬ ವಾದ ಈ ನೆಲದಲ್ಲಿ ಹುಟ್ಟಿ, ಹಲವು ಶತಮಾನಗಳ ಕಾಲ ತರ್ಕಬದ್ಧವಾಗಿ ಬೆಳೆದುಬಂದಿತ್ತೆಂಬುದು ನಿಶ್ಚಯ.

ಆಧುನಿಕ ಕಾನೂನು ಇದಕ್ಕೆ ವಿರುದ್ಧವಾದ ನೆಲೆಯಿಂದ ಹೊರಡುತ್ತದೆ. ಸಾರ್ವಜನಿಕ ಉದ್ದೇಶಕ್ಕಾಗಿ ಯಾರ ಆಸ್ತಿಯನ್ನಾದರೂ ಒಡೆಯನ ಒಪ್ಪಿಗೆಯಿಲ್ಲದೆ ಪಡೆಯುವ ಪರಮಾಧಿಕಾರ ಪ್ರಭುತ್ವಕ್ಕಿದೆಯೆಂಬ ತತ್ತ್ವದ ಮೇಲೆ ಬ್ರಿಟಿಷ್ ಸರ್ಕಾರ 1894ರಲ್ಲಿ ಭೂಸ್ವಾಧೀನ ಕಾಯ್ದೆಯನ್ನು ತಂದಿತು. ಬಲವಂತದಿಂದ ಪಡೆದುದಕ್ಕಾಗಿ ಮಾರುಕಟ್ಟೆ ಬೆಲೆಯ ಮೇಲೆ ಕೊಡುವ ಸೊಲೇಷಿಯಂ ಎಂಬ ಸಮಾಧಾನದ ಮೊತ್ತವನ್ನು 1984ರ ತಿದ್ದುಪಡಿ ಶೇ. 30ಕ್ಕೆ ಏರಿಸಿತು, 2013ರ ಹೊಸ ಕಾಯ್ದೆ ಅದನ್ನು ಶೇ. 100 ಮಾಡಿತು. ಮೊತ್ತ ಏರಿದ್ದು ಒಳಿತೇ ಆದರೂ ಕಲ್ಪನೆ ಮಾತ್ರ ಬದಲಾಗಲಿಲ್ಲ, ಏಕೆಂದರೆ ಎಷ್ಟು ಹೆಚ್ಚಿಸಿದರೂ ಅದು ಬೆಲೆಯೇ. ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ, ಸಮಾನವಾದ ಇನ್ನೊಂದನ್ನು ಇಟ್ಟು ಭರ್ತಿ ಮಾಡಬಹುದಾದುದಕ್ಕೆ ಬೆಲೆಯಿರುತ್ತದೆಂದೂ, ಭರ್ತಿಗೆ ಒಳಪಡದುದಕ್ಕೆ ಬೆಲೆಯ ಬದಲು ಘನತೆಯಿರುತ್ತದೆಂದೂ ಭೇದ ಮಾಡಿದನು. ಕಾಂಟನ ಮಟ್ಟಿಗೆ ಘನತೆಯುಳ್ಳವನು ಮನುಷ್ಯನೊಬ್ಬನೇ. ಗದ್ದೆಗೆ ಘನತೆಯಿದೆಯೆಂದು ಅವನ ಹೆಸರಿನಲ್ಲಿ ವಾದಿಸುವುದು ಸರಿಯಾಗದು. ಆದರೆ ಅವನ ಭೇದವನ್ನು ಗದ್ದೆಯ ಸುತ್ತ ಮನುಷ್ಯರು ಕಟ್ಟಿಕೊಂಡ ಸಂಬಂಧಗಳಿಗೆ ಅನ್ವಯಿಸಿ ನೋಡಬಹುದು. ಒಂದು ಎಕರೆಗೆ ಇನ್ನೊಂದು ಎಕರೆ ಸಿಕ್ಕೀತು. ಕಟ್ಟ ಕಟ್ಟುವ ನೆರೆಹೊರೆ, ಕುಟುಂಬದ ದೈವದ ಸ್ಥಾನ, ನಾಗಬನ, ಯಾವ ಗದ್ದೆಗೆ ಯಾವ ತಳಿ ಒಗ್ಗುತ್ತದೆಂಬ ತಲೆಮಾರುಗಳ ಅರಿವು, ಇವು ಹೊಸ ಜಾಗದಲ್ಲಿ ಹಣಕ್ಕೆ ಸಿಕ್ಕುವವಲ್ಲ. ಕೈಗಾರಿಕಾ ವಲಯದ ಆವರಣದೊಳಗೆ ಸಿಲುಕಿದ ದೈವಸ್ಥಾನಕ್ಕೆ ಹೋಗಿಬರಲು ಊರಿನವರು ಅನುಮತಿ ಬೇಡುವ ಸ್ಥಿತಿ ಬಂದರೆ, ಆ ನಷ್ಟವನ್ನು ಯಾವ ಸೊಲೇಷಿಯಂ ಅಳೆಯಬಲ್ಲುದು?

ಕರಾವಳಿಯಲ್ಲಿ ಈ ಪ್ರಶ್ನೆ ಮೊನಚಾದ ರೀತಿಯನ್ನು ಅರಿಯಲು 1974ನೆಯ ಇಸವಿಯನ್ನು ನೋಡಬೇಕು. ಗೇಣಿ ಪದ್ಧತಿಯನ್ನು ಕೊನೆಗೊಳಿಸಿ ಉಳುವವನನ್ನೇ ಒಡೆಯನನ್ನಾಗಿ ಮಾಡಿದ ಕರ್ನಾಟಕ ಭೂಸುಧಾರಣಾ ತಿದ್ದುಪಡಿ ಆ ವರ್ಷದ ಮಾರ್ಚ್ 1ರಂದು ಜಾರಿಗೆ ಬಂದಿತು. ನವ ಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ್ದೂ ಅದೇ ವರ್ಷ. ಮೂಲಗೇಣಿ, ಚಾಲಗೇಣಿ ಎಂಬ ಗೇಣಿಯ ಒಪ್ಪಂದಗಳ ಕೆಳಗೆ ಬಾಳಿದ ಕುಟುಂಬಗಳಿಗೆ ಮೊದಲ ಬಾರಿಗೆ ಸ್ವಂತ ಗದ್ದೆ ದೊರೆಯುತ್ತಿದ್ದಾಗಲೇ, ಗದ್ದೆಯ ಹೊಸ ಆಕಾಂಕ್ಷಿಯೂ ಬಂದು ನಿಂತಂತಾಯಿತು. ಬಂದರಿಗಾಗಿ ಪಣಂಬೂರಿನ ಸುತ್ತಿನಿಂದ ಎದ್ದ ಕುಟುಂಬಗಳಿಗೆ ಕಾಟಿಪಳ್ಳದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. 1976ರಲ್ಲಿ ಪಣಂಬೂರಿನಲ್ಲಿ ರಸಗೊಬ್ಬರದ ಉತ್ಪಾದನೆ ಆರಂಭವಾಯಿತು. 1990ರ ದಶಕದಲ್ಲಿ ತೈಲ ಶುದ್ಧೀಕರಣಾಗಾರ, ವಿಶೇಷ ಆರ್ಥಿಕ ವಲಯಗಳ 2005ರ ಕಾಯ್ದೆಯ ಬೆನ್ನಿಗೆ ಬಜ್ಪೆ, ಪೆರ್ಮುದೆ, ಕಳವಾರುಗಳ ಕಡೆಗೆ ಅಂಥದೊಂದು ವಲಯ, ಅತ್ತ ಎಲ್ಲೂರು, ನಂದಿಕೂರುಗಳಲ್ಲಿ 1,200 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ಆಧಾರಿತ ವಿದ್ಯುತ್ ಸ್ಥಾವರ ಬಂದವು. ವಲಯದ ಎರಡನೆಯ ಹಂತಕ್ಕಾಗಿ ಗುರುತಿಸಿದ್ದ ಸುಮಾರು ಎರಡು ಸಾವಿರ ಎಕರೆಯ ಸ್ವಾಧೀನವನ್ನು ಸರ್ಕಾರ 2011ರಲ್ಲಿ ಕೈಬಿಟ್ಟದ್ದರ ಹಿಂದೆ ರೈತರ ಹೋರಾಟವಿತ್ತು, ಅದಕ್ಕೆ ಬೆಂಬಲವಾಗಿ ನಿಂತ, ಅಷ್ಟಮಠಗಳಲ್ಲೊಂದಾದ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿಯವರ ದನಿಯೂ ಇತ್ತು. ಅನ್ನದಾನಕ್ಕೆ ಹೆಸರಾದ ಪೀಠಗಳ ಪರಂಪರೆಯ ಯತಿಯೊಬ್ಬರು ಅನ್ನ ಬೆಳೆಯುವ ನೆಲದ ಪ್ರಶ್ನೆಯಲ್ಲಿ ಮಾತನಾಡಿದ್ದು ತಮ್ಮ ಧರ್ಮವನ್ನು ಬಿಟ್ಟು ರಾಜಕೀಯಕ್ಕೆ ಇಳಿದದ್ದೆಂದು ಯಾರಾದರೂ ಭಾವಿಸಿದರೆ, ಅವರು ಧರ್ಮವನ್ನು ಅದು ಇರುವುದಕ್ಕಿಂತ ಚಿಕ್ಕದಾಗಿ ತಿಳಿದಿದ್ದಾರೆನ್ನಬೇಕು.

ಇಷ್ಟು ಹೇಳಿದ ಮೇಲೆ ಎದುರಿನ ವಾದವನ್ನು ಅದರ ಪೂರ್ಣ ಬಲದೊಡನೆ ಇಡಬೇಕಾಗುತ್ತದೆ. ಬಿ. ಆರ್. ಅಂಬೇಡ್ಕರರು 1918ರಲ್ಲಿ ಭಾರತದ ಸಣ್ಣ ಹಿಡುವಳಿಗಳನ್ನು ಕುರಿತು ಬರೆದ ಪ್ರಬಂಧದಲ್ಲಿ, ಹಿಡುವಳಿ ಚಿಕ್ಕದಾಗಿರುವುದಕ್ಕಿಂತ ಭೂಮಿಯ ಮೇಲೆ ಅಗತ್ಯಕ್ಕೆ ಮೀರಿದ ಜನರ ಭಾರ ಬಿದ್ದಿರುವುದೇ ರೋಗದ ಮೂಲವೆಂದೂ, ಕೈಗಾರಿಕೀಕರಣವೇ ಅದಕ್ಕೆ ಮದ್ದೆಂದೂ ವಾದಿಸಿದ್ದರು. ತುಳುನಾಡಿನ ಮಟ್ಟಿಗೆ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಹಬ್ಬ ಕಟ್ಟಲೆಗಳಿಂದ ತುಂಬಿದ ಅದೇ ಬೈಲಿನಲ್ಲಿ ಮಳೆಯಲ್ಲಿ ಬೆನ್ನು ಬಾಗಿಸಿ ನೇಜಿ ಎಂಬ ಭತ್ತದ ಸಸಿ ನೆಟ್ಟವರು ಬಹುಪಾಲು ಭೂಮಿಯಿಲ್ಲದವರು. ದೈವದ ಗಂಧಪ್ರಸಾದ ಯಾರಿಗೆ ಮೊದಲು, ಯಾರು ಅಂಗಳದ ಹೊರಗೆ ಎಂಬುದನ್ನು ಜಾತಿ ನಿರ್ಣಯಿಸುತ್ತಿತ್ತು. ಅಂಥ ಕುಟುಂಬದ ಮಗ ಕಾರ್ಖಾನೆಯ ಗೇಟಿನೊಳಗೆ ತಿಂಗಳ ಸಂಬಳಕ್ಕೆ ಸೇರಿದಾಗ ಭೂಮಾಲಿಕರ ಗುತ್ತಿನ ಮನೆಯ ಅಂಗಳದಲ್ಲಿ ತಲೆಬಾಗಿ ನಿಲ್ಲುವ ಸ್ಥಿತಿಯಿಂದ ಬಿಡುಗಡೆ ಪಡೆದನೆಂಬುದನ್ನು ಅಲ್ಲಗಳೆಯುವ ಯಾವ ಧರ್ಮವಿಚಾರವೂ ಪ್ರಾಮಾಣಿಕವಲ್ಲ. ಆದರೆ ತುಳುನಾಡಿನ ಪರಂಪರೆಯೊಳಗೇ ಈ ಅನ್ಯಾಯದ ಸಾಕ್ಷ್ಯವೂ ಇದೆಯೆಂಬುದನ್ನು ಮರೆಯುವಂತಿಲ್ಲ. ದೈವಗಳ ಹುಟ್ಟು ಬಾಳುಗಳನ್ನು ಹಾಡುವ ಪಾಡ್ದನಗಳೆಂಬ ದೀರ್ಘ ಮೌಖಿಕ ಕಾವ್ಯಗಳಲ್ಲಿ ಕೋಟಿ ಚೆನ್ನಯರ ಕಥೆಯ ಒಂದು ನಿರ್ಣಾಯಕ ತಿರುವು ಅಧಿಕಾರಸ್ಥನಾದ ಬುದ್ಯಂತನೊಡನೆ ಗದ್ದೆಯ ನೀರಿಗಾಗಿ ನಡೆಯುವ ಜಗಳ. ಬೇಸಾಯದ ನ್ಯಾಯಕ್ಕಾಗಿ ಅಧಿಕಾರಸ್ಥನನ್ನು ಎದುರಿಸಿದ ಬಿಲ್ಲವ ಸಹೋದರರು ಗರಡಿಗಳಲ್ಲಿ ಪೂಜೆಗೊಳ್ಳುವ ಆರಾಧ್ಯರಾದರು. ಶ್ರಮಿಸಿದವನಿಗೆ ಆದ ಅನ್ಯಾಯವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡು ಅದಕ್ಕೆ ಗುಡಿ ಕಟ್ಟಿದ ಸಮಾಜ, ಇಂದಿನ ಒಕ್ಕಲೆಬ್ಬಿಸುವಿಕೆಯನ್ನು ಅಳೆಯುವ ಕೋಲನ್ನು ಹೊರಗಿನಿಂದ ಎರವಲು ತರಬೇಕಾಗಿಲ್ಲ.

ಈ ಅಳತೆಗೋಲನ್ನು ಶಾಸ್ತ್ರದ ಭಾಷೆಯಲ್ಲಿ ಋಣವೆನ್ನಬಹುದು. ಶತಪಥ ಬ್ರಾಹ್ಮಣವು ಮನುಷ್ಯನು ಹುಟ್ಟುವಾಗಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ, ಮನುಷ್ಯರಿಗೆ ಎಂದು ನಾಲ್ಕು ಋಣಗಳನ್ನು ಹೊತ್ತಿರುತ್ತಾನೆಂದು ಹೇಳಿ, ಕೊನೆಯದನ್ನು ಆಶ್ರಯ ಮತ್ತು ಅನ್ನವನ್ನು ನೀಡಿ ತೀರಿಸಬೇಕೆನ್ನುತ್ತದೆ. ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯು ಅನ್ನವನ್ನು ಹಳಿಯದಿರುವುದನ್ನೂ, ಅದನ್ನು ಹೇರಳವಾಗಿ ಬೆಳೆಸುವುದನ್ನೂ ವ್ರತವೆಂದೇ ಕರೆಯುತ್ತದೆ. ಬೆಲೆಗೂ ಋಣಕ್ಕೂ ಇರುವ ಅಂತರವಿದು: ಬೆಲೆಯನ್ನು ಕೊಟ್ಟೊಡನೆ ಇಬ್ಬರೂ ಪರಸ್ಪರ ಅಪರಿಚಿತರಾಗಿ ತಂತಮ್ಮ ದಾರಿ ಹಿಡಿಯಬಹುದು, ಋಣವಾದರೋ ಸಂಬಂಧವನ್ನು ಮುಂದುವರಿಸುತ್ತದೆ, ಮತ್ತು ಸಾಲ ಹೊತ್ತವನು ಯಾರೆಂಬ ಪ್ರಶ್ನೆಯನ್ನೇ ತಿರುಗಿಸಿ ಹಾಕುತ್ತದೆ. ಪರಿಹಾರದ ಲೆಕ್ಕದಲ್ಲಿ ಪ್ರಭುತ್ವ ಕೊಡುವವನ ಸ್ಥಾನದಲ್ಲಿದೆ, ರೈತ ಪಡೆಯುವವನ ಸ್ಥಾನದಲ್ಲಿದ್ದಾನೆ. ಋಣದ ಲೆಕ್ಕದಲ್ಲಿ ಉಣ್ಣುವವರೆಲ್ಲರೂ ಬೆಳೆಯುವವನ ಸಾಲಗಾರರು. ಅಚ್ಚರಿಯೆಂದರೆ 2013ರ ಕಾಯ್ದೆ ಅರೆಮನಸ್ಸಿನಿಂದಲಾದರೂ ಇದನ್ನು ಒಪ್ಪಿಕೊಂಡಿದೆ. ನೀರಾವರಿಯುಳ್ಳ ಬಹುಬೆಳೆಯ ಭೂಮಿಯನ್ನು ಅನಿವಾರ್ಯವಾದ ಕೊನೆಯ ಆಯ್ಕೆಯಾಗಿ ಮಾತ್ರ ಪಡೆಯಬೇಕೆಂದೂ, ಪಡೆದರೆ ಅಷ್ಟೇ ವಿಸ್ತೀರ್ಣದ ಪಾಳುಭೂಮಿಯನ್ನು ಬೇಸಾಯಕ್ಕೆ ಅಣಿಗೊಳಿಸಬೇಕು ಇಲ್ಲವೇ ಅದರ ಮೌಲ್ಯವನ್ನು ಆಹಾರ ಭದ್ರತೆಗಾಗಿ ತೆಗೆದಿಡಬೇಕೆಂದೂ ಅದರ 10ನೆಯ ಕಲಮು ಹೇಳುತ್ತದೆ. ಭೂಮಿಯ ಒಡೆತನವಿಲ್ಲದೆ ಅದನ್ನೇ ನಂಬಿ ಬದುಕುವ ಕೂಲಿಕಾರರನ್ನೂ ಗೇಣಿದಾರರನ್ನೂ ಬಾಧಿತ ಕುಟುಂಬಗಳೆಂದು ಆ ಕಾಯ್ದೆ ಪರಿಗಣಿಸುತ್ತದೆ. ಒಡೆಯನಿಗೆ ಹಣ ಕೊಟ್ಟ ಮೇಲೆಯೂ ಸಮಾಜಕ್ಕೆ ಒಂದು ಬಾಕಿ ಉಳಿಯುತ್ತದೆಂಬ ಅರಿವು ಈ ಕಲಮುಗಳಲ್ಲಿದೆ, ಹೆದ್ದಾರಿ, ರೈಲುಮಾರ್ಗಗಳಂಥ ಯೋಜನೆಗಳಿಗೆ 10ನೆಯ ಕಲಮಿನಿಂದ ವಿನಾಯಿತಿ ಕೊಟ್ಟಿರುವುದು ಆ ಅರಿವನ್ನು ಅಲ್ಲಲ್ಲಿ ತೂತಾಗಿಸಿದ್ದರೂ.

ಬಾಕಿಯನ್ನು ಕಾಲಕ್ಕೆ ಸರಿಯಾಗಿ ಗುರುತಿಸದಿದ್ದರೆ ಆಮೇಲೆ ತೀರಿಸಲು ಬರುವುದಿಲ್ಲವೆಂಬುದಕ್ಕೆ ಪಶ್ಚಿಮ ಬಂಗಾಳದ ಸಿಂಗೂರು ಸಾಕ್ಷಿ. ಅಲ್ಲಿ 2006ರಲ್ಲಿ ಕಾರು ಕಾರ್ಖಾನೆಗಾಗಿ ಪಡೆದ 997 ಎಕರೆಯನ್ನು ರೈತರಿಗೆ ಮರಳಿಸಬೇಕೆಂದು ಸುಪ್ರೀಂ ಕೋರ್ಟು 2016ರ ಆಗಸ್ಟ್ 31ರಂದು ತೀರ್ಪಿತ್ತಿತು. ಭೂಮಿ ಕೈಗೆ ಬಂದರೂ ಕಾಂಕ್ರೀಟು ಬಿದ್ದು ಮೇಲ್ಮಣ್ಣು ಕೆಟ್ಟ ಎಷ್ಟೋ ಕಡೆ ಮತ್ತೆ ಬೆಳೆ ತೆಗೆಯಲಾಗಲಿಲ್ಲ. ತಲೆಮಾರುಗಳು ತುಳಿದು, ಕೆಸರು ಮಾಡಿ, ನೀರು ಬೇಗನೆ ಇಂಗದಂತೆ ಅಡಿಪದರವನ್ನು ಕಟ್ಟಿದ ಗದ್ದೆಯನ್ನು ನ್ಯಾಯಾಲಯದ ಆದೇಶ ಮರಳಿ ನಿರ್ಮಿಸಲಾರದು.

ಹಾಗೆಂದು ಭತ್ತದ ಗದ್ದೆ ಕರಗುತ್ತಿರುವುದಕ್ಕೆ ಸ್ವಾಧೀನವೊಂದನ್ನೇ ಹೊಣೆಯಾಗಿಸುವುದು ಸರಿಯಲ್ಲ. ಅಡಿಕೆ, ರಬ್ಬರುಗಳ ಆದಾಯ, ಮುಂಬಯಿ ಮತ್ತು ಕೊಲ್ಲಿ ದೇಶಗಳ ಕರೆ, ನಾಟಿಗೆ ಆಳು ಸಿಗದ ಕಷ್ಟ, ಏರುತ್ತಲೇ ಹೋದ ಕೂಲಿ, ಇವೆಲ್ಲ ಸೇರಿ ಬೈಲುಗಳನ್ನು ಹಡಿಲು ಬೀಳಿಸಿವೆ. ಹಡಿಲೆಂದರೆ ಉಳುಮೆಯಿಲ್ಲದೆ ಪಾಳುಬಿಟ್ಟ ಗದ್ದೆ. ಕೇಂದ್ರ ಸರ್ಕಾರ 2025–26ಕ್ಕೆ ನಿಗದಿಪಡಿಸಿದ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ; ಭಾರೀ ಮಳೆಯ, ಸಣ್ಣ ಹಿಡುವಳಿಯ, ಯಂತ್ರ ಇಳಿಯಲು ಕಷ್ಟವಾದ ಕರಾವಳಿಯ ಗದ್ದೆಯಲ್ಲಿ ಆ ಬೆಲೆಗೆ ಬೆಳೆದು ಬದುಕುವುದು ದುಸ್ತರ. ನೆಲ ತನ್ನ ಹೆಸರಿನಲ್ಲೇ ಇದ್ದು, ಯಾರೂ ಬಲವಂತ ಮಾಡದಿದ್ದರೂ ರೈತ ಬೇಸಾಯ ಬಿಡುತ್ತಾನಾದರೆ ಅದು ಅವನ ಸ್ವತಂತ್ರ ಆಯ್ಕೆಯೆಂದು ಹೇಳಿ ಉಳಿದವರು ಕೈತೊಳೆದುಕೊಳ್ಳುವುದುಂಟು. ಋಣದ ದೃಷ್ಟಿ ಇದನ್ನು ಒಪ್ಪುವುದಿಲ್ಲ. ಬೈಲಿನಲ್ಲಿ ನಿಂತ ಮಳೆನೀರು ಬಾವಿಗಳನ್ನು ತುಂಬಿತು, ನೆರೆಯನ್ನು ತಡೆಯಿತು, ಪೇಟೆಯವರಿಗೂ ಕಾರ್ಖಾನೆಗಳಿಗೂ ಅಂತರ್ಜಲ ಒದಗಿಸಿತು. ಆ ಉಪಕಾರಕ್ಕೆ ಯಾರೂ ಒಂದು ಕಾಸನ್ನೂ ಸಲ್ಲಿಸಲಿಲ್ಲ. ಭತ್ತದ ವಿಸ್ತೀರ್ಣ 1970ರ ದಶಕದ ನಡುವಿನ ಸುಮಾರು 8.8 ಲಕ್ಷ ಹೆಕ್ಟೇರಿನಿಂದ 2 ಲಕ್ಷದ ಆಸುಪಾಸಿಗೆ ಇಳಿದ ಕೇರಳದಲ್ಲಿ, 2008ರ ಕಾಯ್ದೆಯೊಂದು ಗದ್ದೆ ತುಂಬಿಸುವುದನ್ನು ನಿರ್ಬಂಧಿಸಿತು. 2020ರಿಂದ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ಒಡೆಯರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿಯ ರಾಯಧನವೂ ಬರತೊಡಗಿತು. ಮೊತ್ತ ಅಲ್ಪ, ಆದರೆ ತತ್ತ್ವ ದೊಡ್ಡದು: ಬಿಟ್ಟುಹೋಗುವವನಿಗೆ ಕೊಡುವ ಹಣದ ಬದಲು ಉಳಿಯುವವನಿಗೆ ಸಲ್ಲಿಸುವ ಹಣ ಅದು. ಕರಾವಳಿಯ ಕೈಗಾರಿಕೆಗಳು ತಾವು ಬಳಸುವ ನೀರಿನ ಲೆಕ್ಕದಲ್ಲಿ ಇಂಥದೊಂದು ಸಲ್ಲಿಕೆಯನ್ನು ಕಡ್ಡಾಯವಾಗಿ ಹೊರುವಂತಾಗಬೇಕು, ಮತ್ತು ಅದು ದಾನದ ಹೆಸರಿನಲ್ಲಿ ಬರಕೂಡದು.

ಉಡುಪಿಯಲ್ಲಿ 2021ರಲ್ಲಿ ಕೇದಾರೋತ್ಥಾನ ಟ್ರಸ್ಟಿನ ಮೂಲಕ ಹಡಿಲು ಭೂಮಿಯ ಬೇಸಾಯಕ್ಕೆ ಆಂದೋಲನ ನಡೆದು, ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಮತ್ತೆ ನಾಟಿಯಾಯಿತು. ಬೆಳೆದ ಭತ್ತವನ್ನು ಕಜೆ ಎಂಬ ಕೆಂಪಕ್ಕಿಯಾಗಿ ಮಾರಲಾಯಿತು. ಒಡೆಯ ಬಿಟ್ಟ ಗದ್ದೆಯಲ್ಲಿ ಊರಿನವರು ಇಳಿದು ಬೆಳೆ ತೆಗೆಯಬಹುದೆಂಬ ಈ ನಡೆ, ನೆಲದ ಮಟ್ಟಿಗೆ ಎಲ್ಲರೂ ಸಮಾನರೆಂಬ ಜೈಮಿನಿಯ ನಿರ್ಣಯಕ್ಕೆ ಆಧುನಿಕ ಪಹಣಿಗಳಿಗಿಂತ ಹತ್ತಿರದಲ್ಲಿದೆ. ಆದರೆ ಶ್ರಮದಾನದ ಉತ್ಸಾಹದಿಂದ ಒಂದು ಏಣೆಲನ್ನು ದಾಟಬಹುದೇ ಹೊರತು ಬೇಸಾಯವೆಂಬ ಜೀವನೋಪಾಯವನ್ನು ಉಳಿಸಲಾಗದು. ಕುಚ್ಚಲಕ್ಕಿ ಉಣ್ಣುವ ಜಿಲ್ಲೆಗಳ ಪಡಿತರಕ್ಕೆ ಅಲ್ಲಿಯೇ ಬೆಳೆದ ಎಂಒ4ನಂಥ ತಳಿಗಳ ಭತ್ತವನ್ನು ತಕ್ಕ ಬೆಲೆಗೆ, ಕೊಯ್ಲಿನ ಹೊತ್ತಿಗೆ ತಪ್ಪದೆ ಕೊಳ್ಳುವ ವ್ಯವಸ್ಥೆ, ತೋಡುಗಳ ಕಟ್ಟಗಳನ್ನೂ ಕಿಂಡಿ ಅಣೆಕಟ್ಟುಗಳನ್ನೂ ಬೈಲಿನ ಆಸ್ತಿಯೆಂದು ಕಾಪಾಡುವ ಹೊಣೆ, ನೇಜಿ ನೆಡುವ ಹೆಂಗಸರಿಗೆ ಕಾರ್ಖಾನೆಯ ಕೆಲಸಗಾರರಷ್ಟೇ ಗಟ್ಟಿಯಾದ ಕೂಲಿ ಮತ್ತು ವಿಮೆ, ಸ್ವಾಧೀನದ ವಿಚಾರಣೆಯಲ್ಲಿ ಗದ್ದೆಯೊಂದರ ಬದಲು ಇಡೀ ಬೈಲನ್ನು ಪಕ್ಷಕಾರನೆಂದು ಎಣಿಸುವ ಕ್ರಮ, ಇವು ಮನುಷ್ಯಋಣದ ಇಂದಿನ ಬಾಬುಗಳು. ಇವುಗಳಲ್ಲಿ ಮೂರನೆಯದನ್ನು ಮೊದಲು ತೀರಿಸಬೇಕು, ಏಕೆಂದರೆ ಅದರ ಬಾಕಿ ಕಾರ್ಖಾನೆಗಳು ಬರುವುದಕ್ಕೆ ಬಹಳ ಮುಂಚಿನಿಂದಲೂ ಬೆಳೆಯುತ್ತ ಬಂದಿದೆ.